ನೀರಿನಿಂದ ಹೊರಗುಳಿದ ಕೈ

ವರ್ಲಿನ್ ಸೈಜ್‌ಮೋರ್ ಕಲ್ಲಿದ್ದಲು ಗಣಿಯ ಸೂರಿಗೆ ಉಕ್ಕಿನ ಬೋಲ್ಟು ಹೊಡೆಯುವ ಕೆಲಸ ಮಾಡುತ್ತಿದ್ದ. ತಲೆಯ ಮೇಲೆ ಒಂದು ಇಡೀ ಗುಡ್ಡ ಕೂತಿದೆ, ಅದು ಬೀಳದಂತೆ ನೋಡಿಕೊಳ್ಳುವುದೇ ತನ್ನ ಕೆಲಸ ಎಂಬುದು ಅವನನ್ನು ಎಂದೂ ಕಾಡಿರಲಿಲ್ಲ. ಅವನು ಹೆದರುತ್ತಿದ್ದದ್ದು ನೀರಿಗೆ. ಮೊಣಕಾಲಿನವರೆಗೆ ಬಂದರೆ ಬಾಯಿ ಒಣಗುತ್ತಿತ್ತು. ಅದಕ್ಕಿಂತ ಮೇಲೆ ಬರಲು ಅವನು ಬಿಡುತ್ತಲೇ ಇರಲಿಲ್ಲ. ಮನೆಯಲ್ಲಿ ಒಳ್ಳೆಯ ಸ್ನಾನದ ತೊಟ್ಟಿ ಇತ್ತು. ಅದರಲ್ಲಿ ಹೆಂಡತಿ ಡೆಲ್ಫಿಯಾ ಆಲೂಗಡ್ಡೆ ತೊಳೆಯುತ್ತಿದ್ದಳು. ವರ್ಲಿನ್ ಬಕೆಟ್ಟಿನ ಪಕ್ಕ ನಿಂತು ಮೈ ತೊಳೆದುಕೊಳ್ಳುತ್ತಿದ್ದ.

ಕೆಲಸಕ್ಕೆ ಸೇರಿದ ಹೊಸದರಲ್ಲಿ, ಪಕ್ಕದ ಪಾಳುಗಣಿಯ ಗೋಡೆ ಒಡೆದು ಅವರ ಸುರಂಗಕ್ಕೆ ನೀರು ನುಗ್ಗಿತ್ತು. ದೀಪ ಆರಿಹೋಗಿ, ಎದೆಮಟ್ಟದ ನೀರಿನಲ್ಲಿ ಅವನೊಬ್ಬನೇ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದ. ಹೊರಗಿನವರು ಪಂಪು ಹಚ್ಚಿದ ಮೇಲೆ ಜೀವಂತ ಹೊರಬಂದ. ಈ ಸಂಗತಿಯನ್ನು ಡೆಲ್ಫಿಯಾಳಿಗೆ ಒಮ್ಮೆ ಹೇಳಿದ್ದ, ಮತ್ತೆ ಕೇಳಬೇಡ ಎಂದೂ ಹೇಳಿದ್ದ. ಅವಳು ಕೇಳಲಿಲ್ಲ. ಆಲೂಗಡ್ಡೆ ತೊಳೆದಳು.

ಕಣಿವೆಯ ಬ್ಯಾಪ್ಟಿಸ್ಟ್ ಸಭೆಯಲ್ಲಿ ಡೆಲ್ಫಿಯಾ ಸದಸ್ಯೆ. ವರ್ಲಿನ್ ಬರೀ ಕೇಳುಗ. ಸದಸ್ಯನಾಗಬೇಕಾದರೆ ನೀರಿನಲ್ಲಿ ಪೂರ್ತಿ ಮುಳುಗಿ ದೀಕ್ಷಾಸ್ನಾನ ಪಡೆಯಬೇಕಿತ್ತು. ಆ ಕಡೆಯ ಜನರಿಗೆ ಇದರಲ್ಲಿ ಅವಸರವಿಲ್ಲ. ಕೂದಲು ನರೆತ ಮೇಲೆ ಸೇರುವವರೇ ಹೆಚ್ಚು. ಪ್ರತಿ ಭಾನುವಾರ ಉಪದೇಶ ಮುಗಿದು, ಬರುವವರಿದ್ದರೆ ಮುಂದೆ ಬನ್ನಿ ಎಂದು ಕರೆಯುವ ಹಾಡು ಶುರುವಾದ ಕೂಡಲೇ ವರ್ಲಿನ್ ಎದ್ದು, ಟ್ರಕ್ಕಿನ ಕಿಟಕಿ ಮುಚ್ಚಿದೆಯೋ ಇಲ್ಲವೋ ಎಂದು ನೋಡಲು ಹೊರಗೆ ಹೋಗುತ್ತಿದ್ದ. ಕಿಟಕಿ ಮುಚ್ಚಿರುತ್ತಿತ್ತು. ಇಡೀ ಸಭೆಗೆ ಅದು ಗೊತ್ತಿತ್ತು.

ದೇವರನ್ನು ನಂಬಿರಲಿಲ್ಲ ಎಂದಲ್ಲ. ನಂಬಿದ್ದ. ಅದೇ ತೊಂದರೆ. "ದೀಕ್ಷಾಸ್ನಾನ ಯಾರನ್ನೂ ಉಳಿಸಲ್ಲ. ಆದ್ರೆ ನಂಬಿದೀನಿ ಅಂತ ಬಾಯಲ್ಲಿ ಹೇಳಿ ನೀರಿಗೆ ಮಾತ್ರ ಬರಲ್ಲ ಅನ್ನೋನು ಯಾರನ್ನ ನಂಬಿದಾನೆ?" ಎಂದು ಬೋಧಕ ಎಸ್ಟಿಲ್ ನೋಬಲ್ ಆಗಾಗ ಕೇಳುತ್ತಿದ್ದ. ಆತ ಎಲ್ಲರಿಗೂ ಸೇರಿಸಿ ಕೇಳಿದ್ದು. ವರ್ಲಿನ್ನನಿಗೆ ಮಾತ್ರ ಅದು ಹಲ್ಲಿನ ಸಂದಿಯಲ್ಲಿ ಸಿಕ್ಕಿದ ನಾರಿನಂತೆ ವಾರವಿಡೀ ಉಳಿಯುತ್ತಿತ್ತು.

ಜನವರಿಯ ಒಂದು ಭಾನುವಾರ ಹಾಡು ಶುರುವಾಯಿತು. ವರ್ಲಿನ್ ಟ್ರಕ್ಕಿಗೆಂದು ಎದ್ದ. ಆದರೆ ಬಾಗಿಲ ಕಡೆ ಹೋಗುವ ಬದಲು ಮುಂದಕ್ಕೆ ನಡೆದು, ನಾನೂ ಸೇರುತ್ತೇನೆ ಎಂದು ಎಸ್ಟಿಲ್‌ನ ಕೈ ಕುಲುಕಿದ. ಗಟ್ಟಿಯಾಗಿ ಅತ್ತ. ಅಲ್ಲಿ ಅದು ವಾಡಿಕೆ. ಅಳದೆ ಬಂದವನನ್ನು ಸ್ವಲ್ಪ ಅನುಮಾನದಿಂದ ನೋಡುತ್ತಾರೆ. ಮುಂದಿನ ಭಾನುವಾರ ಹಳ್ಳದಲ್ಲಿ ದೀಕ್ಷಾಸ್ನಾನ ಎಂದು ನಿಶ್ಚಯವಾಯಿತು. ವಸಂತ ಬರಲಿ ಎಂದು ಕಾಯುವ ಪದ್ಧತಿ ಅವರಲ್ಲಿಲ್ಲ.

ಗುರುವಾರ ಡೆಲ್ಫಿಯಾಳ ತಮ್ಮ ಡೆನ್ಜಿಲ್ ಊಟಕ್ಕೆ ಬಂದ. ಡೆನ್ಜಿಲ್ ಯಾವ ಸಭೆಗೂ ಸೇರಿದವನಲ್ಲ. ಎಲ್ಲ ಸಭೆಯ ಊಟಕ್ಕೂ ಹೋಗುವವನು.

"ಭಾವ, ಹಳ್ಳ ನೋಡ್ಕೊಂಡು ಬಂದೆ," ಎಂದ, ಬೀನ್ಸ್ ಕಾಳಿನ ಮೇಲೆ ಈರುಳ್ಳಿ ಹಾಕಿಕೊಳ್ಳುತ್ತಾ. "ಮೇಲೆ ಮಂಜುಗಡ್ಡೆ ಕಟ್ಟಿದೆ. ಸುತ್ತಿಗೆ ತಗೊಂಡೇ ಹೋಗ್ಬೇಕು."

"ಸುಮ್ನೆ ತಿನ್ನೋ," ಎಂದಳು ಡೆಲ್ಫಿಯಾ.

"ಅಲ್ಲಕ್ಕಾ, ಬ್ರದರ್ ಎಸ್ಟಿಲ್ ನೋಡಿದ್ರೆ ಒದ್ದೆ ಬೆಕ್ಕಿನಷ್ಟಿದಾರೆ. ಭಾವ ನೋಡಿದ್ರೆ ಗಣಿಯ ಹೇಸರಗತ್ತೆ ಥರ. ಮುಳುಗ್ಸೋದೇನೋ ಮುಳುಗಿಸ್ತಾರೆ. ಎತ್ತೋರ್ಯಾರು?"

ವರ್ಲಿನ್ ಬ್ರೆಡ್ಡಿನ ತುಂಡನ್ನು ತಟ್ಟೆಗೆ ವಾಪಸು ಇಟ್ಟ. ಇದೇ ಪ್ರಶ್ನೆ ಸೋಮವಾರದಿಂದ ಅವನ ತಲೆಯಲ್ಲೂ ಇತ್ತು.

ಡೆನ್ಜಿಲ್ ಹೋದ ಮೇಲೆ ಡೆಲ್ಫಿಯಾ ಕೇಳಿದಳು: "ಬೇಡ ಅನ್ಸುತ್ತಾ? ಬೇಡ ಅಂದ್ರೆ ಹೇಳು. ನಾನೇ ಹೋಗಿ ಬ್ರದರ್ ಎಸ್ಟಿಲ್‌ಗೆ ಹೇಳ್ತೀನಿ."

"ಹೋಗ್ದಿದ್ರೆ ನಾನು ಇಷ್ಟು ವರ್ಷ ಮಾಡಿದ ಪ್ರಾರ್ಥನೆಯೆಲ್ಲ ಯಾತಕ್ಕೆ? ಸುಳ್ಳೇ ಹೇಳ್ತಿದ್ದೆ ಅಂತ ಆಗುತ್ತೆ."

"ಹಂಗಾದ್ರೆ ಹೋಗು."

"ಹೋದ್ರೆ ಸತ್ತೋಗ್ತೀನಿ ಅನ್ಸುತ್ತೆ."

ಡೆಲ್ಫಿಯಾ ಯೋಚಿಸಿದಳು. ತಟ್ಟೆ ಎತ್ತಿಕೊಂಡು ಹೋದಳು.

ಭಾನುವಾರ ಇಡೀ ಸಭೆ ಹಳ್ಳದ ದಡದಲ್ಲಿ ನಿಂತಿತ್ತು. ಗಂಡಸರು ಮಂಜುಗಡ್ಡೆ ಒಡೆದು, ತುಂಡುಗಳನ್ನು ದಡಕ್ಕೆ ಎಳೆದುಹಾಕಿದ್ದರು. ಎಸ್ಟಿಲ್ ಚಳಿಗೆ ಟೋಪಿ ಹಾಕಿಕೊಂಡೇ, ಕೋಲಿನಿಂದ ತಳ ನೋಡುತ್ತಾ ಸೊಂಟದ ಆಳದವರೆಗೆ ಹೋಗಿ, ಚಪ್ಪಟೆ ಬಂಡೆಯ ಮೇಲೆ ನಿಂತುಕೊಂಡು ಕೈ ಚಾಚಿದ. ದಡದ ಮೇಲೆ ಒಬ್ಬ ಮುದುಕ ಹಾಡಿನ ಸಾಲು ಹೇಳಿಕೊಡುತ್ತಿದ್ದ, ಉಳಿದವರು ಅದನ್ನು ಎಳೆದೆಳೆದು ಹಾಡುತ್ತಿದ್ದರು.

ವರ್ಲಿನ್ ಇಳಿದ. ನೀರು ಮೊಣಕಾಲಿಗೆ ಬಂದಾಗ ಬಾಯಿ ಒಣಗಿತು. ತೊಡೆಗೆ ಬಂದಾಗ ಕಿವಿಯಲ್ಲಿ ಹಾಡು ನಿಂತುಹೋಯಿತು. ಬಂಡೆಯ ಹತ್ತಿರ ದಡದ ಮರವೊಂದರ ಕೊಂಬೆ ಬಾಗಿ ನೀರಿನ ಮೇಲೆ ಬಂದಿತ್ತು. ಎಸ್ಟಿಲ್ ಅವನ ಬೆನ್ನಿಗೆ ಒಂದು ಕೈ ಕೊಟ್ಟು, ಮೂಗಿಗೆ ಕರವಸ್ತ್ರ ಒತ್ತಿ, ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ಎಂದು ಹಿಂದಕ್ಕೆ ವಾಲಿಸಿದ. ಹೋದಷ್ಟೇ ಬೇಗ ವರ್ಲಿನ್ ಮೇಲೆ ಬಂದ. ದಡದಲ್ಲಿ "ಸ್ತೋತ್ರ!" ಎಂಬ ಕೂಗು ಎದ್ದಿತು. ಅವನು ಎಸ್ಟಿಲ್‌ನನ್ನು ನೀರಿನಲ್ಲೇ ಬಿಟ್ಟು ದಡ ಸೇರಿದ. ಡೆಲ್ಫಿಯಾ ಕಂಬಳಿ ಹೊದಿಸಿದಳು.

"ಆಗ್ಲಿಲ್ಲ," ಎಂದಳು ಥರ್ಸಾ ಅಜ್ಜಿ.

ಸಭೆಯಲ್ಲಿ ಎಲ್ಲರಿಗಿಂತ ಹಿರಿಯಳು ಅವಳು. ನೀರಿಗೆ ಎಲ್ಲರಿಗಿಂತ ಹತ್ತಿರ ನಿಂತಿದ್ದವಳೂ ಅವಳೇ.

"ಏನಾಗ್ಲಿಲ್ಲ ಅಜ್ಜಿ?" ಎಂದ ಎಸ್ಟಿಲ್, ಇನ್ನೂ ನೀರಿನಲ್ಲೇ ನಿಂತು.

"ಅವನ ಎಡಗೈ ಮುಳುಗ್ಲಿಲ್ಲ. ಕೊಂಬೆ ಹಿಡ್ಕೊಂಡಿದ್ದ. ನಾನು ನೋಡ್ದೆ."

ಎಲ್ಲರೂ ವರ್ಲಿನ್ನನ ಎಡಗೈ ನೋಡಿದರು. ಅಂಗಿಯ ತೋಳು ಭುಜದಿಂದ ಮೊಣಕೈಯವರೆಗೆ ಒದ್ದೆ. ಅಲ್ಲಿಂದಾಚೆ ಒಣಗಿಯೇ ಇತ್ತು.

"ಒಂದು ಕೈಗೆ ಏನು ಬಿಡಜ್ಜಿ," ಎಂದ ಡೆನ್ಜಿಲ್. "ಉಳಿದದ್ದೆಲ್ಲ ಸ್ವರ್ಗಕ್ಕೆ ಹೋಗಿ ಆ ಕೈ ಒಂದೇ ನರಕಕ್ಕೆ ಹೋಗುತ್ತಾ?"

"ಒಂದೇ ಹೋಗಲ್ಲ. ಉಳಿದದ್ದನ್ನೂ ಎಳ್ಕೊಂಡ್ಹೋಗುತ್ತೆ. ನೀನು ಬಾಯ್ಮುಚ್ಚು, ನಿಂದು ಯಾವುದೂ ಒದ್ದೆಯಾಗಿಲ್ಲ."

ದಡದಲ್ಲಿ ಎರಡು ಪಕ್ಷವಾಯಿತು. ಪೂರ್ತಿ ಮುಳುಗಬೇಕು ಎಂದರೆ ಪೂರ್ತಿ ಎಂದೇ ಅರ್ಥ ಎಂದು ಕೆಲವರು. ಚಳಿಯಲ್ಲಿ ಇಷ್ಟೆಲ್ಲ ಅಳತೆ ಹಿಡಿಯಬಾರದು ಎಂದು ಕೆಲವರು. ಎಸ್ಟಿಲ್‌ನ ತುಟಿ ನೀಲಿಯಾಗಿತ್ತು. "ನನ್ನ ಮಟ್ಟಿಗೆ ಆಯ್ತು," ಎಂದ. "ಮನಸ್ಸು ನೋಡೋನು ದೇವರು. ಬ್ರದರ್ ವರ್ಲಿನ್, ನೀನು ಹೂಂ ಅಂದ್ರೆ ಸಾಕು, ಎಲ್ರೂ ಮನೆಗೆ ಹೋಗೋಣ."

ವರ್ಲಿನ್ ಬಾಯಿ ತೆರೆದ. ಹೂಂ ಎನ್ನುವುದು ಸುಲಭವಿತ್ತು. ಆದರೆ ಮನಸ್ಸು ನೋಡುವವನು ದೇವರು ಎಂದರೆ, ಆ ಕೊಂಬೆ ಹಿಡಿದ ಮನಸ್ಸನ್ನೂ ನೋಡಿಯೇ ಇರುತ್ತಾನೆ. ಕೈ ತಾನಾಗಿ ಹೋಗಿರಲಿಲ್ಲ. ಇಳಿಯುವಾಗಲೇ ಅವನು ಕೊಂಬೆ ನೋಡಿಟ್ಟುಕೊಂಡಿದ್ದ. ದೇವರು ಕೈಬಿಟ್ಟರೆ ಇರಲಿ ಎಂದು.

ಗಣಿಯ ಆ ಕತ್ತಲು ನೆನಪಾಯಿತು. ಅಲ್ಲಿ ಹಿಡಿಯಲು ಏನೂ ಇರಲಿಲ್ಲ. ಅಲ್ಲಿ ಅವನು ಒಂದೇ ಮಾತು ಹೇಳಿದ್ದ: ಯೇಸುವೇ, ನನ್ನನ್ನು ಇಲ್ಲಿ ಬಿಡಬೇಡ. ಆಮೇಲೆ ನೀರು ಎದೆಯಿಂದ ಹೊಟ್ಟೆಗೆ, ಹೊಟ್ಟೆಯಿಂದ ತೊಡೆಗೆ ಇಳಿದಿತ್ತು. ಇಷ್ಟು ವರ್ಷ ಅವನು ನೀರು ಏರಿದ್ದನ್ನಷ್ಟೇ ನೆನಪಿಟ್ಟುಕೊಂಡಿದ್ದ. ಇಳಿದದ್ದನ್ನು ಒಮ್ಮೆಯೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಕೇಳಿದ್ದು ಸಿಕ್ಕಿತ್ತು, ಸಿಕ್ಕಿದ್ದನ್ನು ಮರೆತು, ಕೊಟ್ಟವನನ್ನೇ ಪೂರ್ತಿ ನಂಬದೆ ಬಕೆಟ್ಟಿನ ಪಕ್ಕ ನಿಂತಿದ್ದ.

"ಅಜ್ಜಿ ಹೇಳಿದ್ದು ಸರಿ," ಎಂದ. "ಆ ಕೈ ನಾನೇ ಉಳಿಸ್ಕೊಂಡೆ. ಬೇಕಂತಲೇ."

ಕಂಬಳಿಯನ್ನು ಹೆಂಡತಿಗೆ ಕೊಟ್ಟ.

"ಮತ್ತೆ ಇಳೀತೀಯಾ?" ಎಂದ ಎಸ್ಟಿಲ್. ಆ ದನಿಯಲ್ಲಿ ಅಂಥ ಸಂತೋಷವೇನೂ ಇರಲಿಲ್ಲ.

ವರ್ಲಿನ್ ಇಳಿದ. ಹೆದರಿಕೆ ಹೋಗಿರಲಿಲ್ಲ, ಮೊದಲ ಸಲ ನೀರು ಎಷ್ಟು ತಣ್ಣಗಿದೆ ಎಂಬುದಾದರೂ ಗೊತ್ತಿರಲಿಲ್ಲ, ಈಗ ಅದೂ ಗೊತ್ತಿತ್ತು. ಕೊಂಬೆಯ ಪಕ್ಕ ಹಾದುಹೋಗಿ, ಅದಕ್ಕೆ ಬೆನ್ನು ತಿರುಗಿಸಿ, ಎರಡೂ ಕೈ ಎದೆಯ ಮೇಲೆ ಕಟ್ಟಿಕೊಂಡ. ಯೇಸುವೇ, ನನ್ನನ್ನು ಇಲ್ಲಿ ಬಿಡಬೇಡ ಎಂದ. ಜೋರಾಗಿಯೇ ಹೇಳಿದ್ದರಿಂದ ದಡದವರಿಗೆಲ್ಲ ಕೇಳಿಸಿತು.

ಎಸ್ಟಿಲ್ ವಾಲಿಸಿದ. ವರ್ಲಿನ್ ಪೂರ್ತಿ ಮುಳುಗಿದ. ಮೇಲೆತ್ತುವ ಹೊತ್ತಿಗೆ ಎಸ್ಟಿಲ್‌ನ ಮರಗಟ್ಟಿದ ಕಾಲು ಬಂಡೆಯಿಂದ ಜಾರಿತು, ಅವನೂ ಮುಳುಗಿದ.

ನೀರಿನೊಳಗೆ ವರ್ಲಿನ್ನನ ಬೆನ್ನ ಹಿಂದಿದ್ದ ಕೈ ಹೋಗಿಬಿಟ್ಟಿತು. ಅವನು ಸೋಮವಾರದಿಂದ ಕಾಯುತ್ತಿದ್ದ ಘಳಿಗೆ ಅದೇ. ಕತ್ತಲು, ಚಳಿ, ಹಿಡಿಯಲು ಏನೂ ಇಲ್ಲ. ಅವನಿಗೆ ಸಾಯುತ್ತೇನೆ ಅನಿಸಲಿಲ್ಲ. ನಾನು ಒಬ್ಬನೇ ಇಲ್ಲ ಎನಿಸಿತು, ಅಷ್ಟು ಖಚಿತವಾಗಿ ಅವನಿಗೆ ಬೇರೇನೂ ಎಂದೂ ಅನಿಸಿರಲಿಲ್ಲ. ಕಾಲು ಊರಿ ಎದ್ದು ನಿಂತ.

ಎಸ್ಟಿಲ್ ಬಂಡೆಯ ಆಚೆಗಿನ ಆಳಕ್ಕೆ ಹೋಗಿದ್ದ. ತಲೆ ಒಮ್ಮೆ ಕಾಣಿಸಿತು, ಮತ್ತೆ ಕಾಣಿಸಲಿಲ್ಲ. ದಡದಲ್ಲಿ ಹೆಂಗಸರು ಕಿರುಚಿದರು, ಗಂಡಸರು ಬೂಟು ಬಿಚ್ಚತೊಡಗಿದರು. ವರ್ಲಿನ್ ಬಂಡೆ ಬಿಟ್ಟು ಮುಂದೆ ನಡೆದ. ನೀರು ಹೊಟ್ಟೆಗೆ ಬಂತು, ಎದೆಗೆ ಬಂತು. ಹೆದರಿಕೆಯೂ ಬಂತು. ಅದನ್ನೂ ಜೊತೆಗೆ ಕರೆದುಕೊಂಡೇ ಹೋಗಿ, ಬೋಧಕನನ್ನು ಕೋಟಿನ ಕಾಲರು ಹಿಡಿದು ಎತ್ತಿ, ಹೆಗಲ ಮೇಲೆ ಹಾಕಿಕೊಂಡು ದಡಕ್ಕೆ ತಂದ.

ಎಸ್ಟಿಲ್ ಕೆಮ್ಮಿ, ನೀರು ಉಗುಳಿ, ಡೆನ್ಜಿಲ್‌ನ ಕೋಟು ಹೊದ್ದುಕೊಂಡು ಕೂತ. ಮಾತಾಡಲು ಶಕ್ತಿ ಬಂದ ಮೇಲೆ ಮೊದಲು ಕೇಳಿದ್ದು: "ಅಜ್ಜೀ, ಈ ಸಲ ಆಯ್ತಾ?"

"ಅವನದಾಯ್ತು," ಎಂದಳು ಥರ್ಸಾ ಅಜ್ಜಿ. "ನಿನ್ನದು ನಾನು ಸರಿಯಾಗಿ ನೋಡ್ಲಿಲ್ಲ."

ಹೊಸ ಸದಸ್ಯನ ಕೈ ಕುಲುಕಲು ಎಲ್ಲರೂ ಸಾಲಾಗಿ ಬಂದರು. ಅದು ವಾಡಿಕೆ, ಚಳಿ ಇದ್ದರೂ ಬಿಡುವಂತಿಲ್ಲ. ವರ್ಲಿನ್ ನಡುಗುತ್ತಾ ಒಬ್ಬೊಬ್ಬರಿಗೂ ಕೈ ಕೊಟ್ಟ. ಕೊನೆಯವಳು ಡೆಲ್ಫಿಯಾ. ಅವಳು ಅಳುತ್ತಿದ್ದಳು.

"ಇನ್ನೂ ಹೆದರಿಕೆ ಇದೆಯಾ?" ಎಂದು ಮೆಲ್ಲಗೆ ಕೇಳಿದಳು.

"ಸ್ವಲ್ಪ," ಎಂದ ವರ್ಲಿನ್. ಆಮೇಲೆ ಹಳ್ಳದ ಕಡೆ ತಿರುಗಿ ನೋಡಿದ. "ಬ್ರದರ್ ಎಸ್ಟಿಲ್ ಟೋಪಿ ಅಲ್ಲೇ ತೇಲ್ತಿದೆ. ನಿಂತ್ಕೋ, ತಂದ್‌ಬಿಡ್ತೀನಿ. ಹೆಂಗೂ ಒದ್ದೆಯಾಗಿದೀನಿ."