ಎರಡು ಹಲ್ಲು ಸೊಟ್ಟ

ಹುಣಸೂರು ಪಕ್ಕದ ಹಳ್ಳಿಯ ವೀರಮ್ಮ ಅವತ್ತು ಬೆಳಗ್ಗೆಯೇ ಗಂಡ ನಂಜಣ್ಣನ ಕೈಲಿ ಆಣೆ ಹಾಕಿಸಿಕೊಂಡಿದ್ದಳು. ಮಗಳು ಶಿವಾನಿಯನ್ನು ನೋಡಲು ಪಿರಿಯಾಪಟ್ಟಣದಿಂದ ಗಂಡಿನವರು ಬರುತ್ತಾರೆ; ಅವರು ಹೊರಡುವ ತನಕ ಗರಗಸ, ಬಾಚಿ, ಉಳಿ ಅಂತ ತುಟಿ ಪಿಟಕ್ಕೆನ್ನಕೂಡದು. ಸುಮ್ಮಸುಮ್ಮನೆ ಹಾಕಿಸಿದ ಆಣೆಯಲ್ಲ ಅದು. ಹಳೇ ಹತಾರ ಕೂಡಿಡುವ ಹುಚ್ಚು ನಂಜಣ್ಣನ ತಲೆಗೇರಿ, ಹಿತ್ತಲಲ್ಲಿ ಹೊಗೆಸೊಪ್ಪು ಬೇಯಿಸುವ ಕೊಟ್ಟಿಗೆಯ, ಅಂದರೆ ಬ್ಯಾರನ್ನಿನ, ತುಂಬ ತುಕ್ಕೇ ತುಕ್ಕು. ಹೋದ ಸಲ ಹೆಣ್ಣು ನೋಡಲು ಬಂದ ಹಂಪಾಪುರದವರು, "ನಿಮ್ಮನೇಲಿ ಹಳೇ ಬಾಚಿ ಅದಾ?" ಎಂಬ ಅವನ ಪೀಡೆ ತಾಳಲಾರದೆ ಕಾಫಿ ಬಿಟ್ಟು ಎದ್ದುಹೋಗಿದ್ದರು.

ಇವತ್ತು ಬಂದ ಹುಡುಗ ಗೌರೀಶನೋ ಚಿನ್ನದಂಥವನು. ಅವನ ಜೊತೆ ಜಗಲಿಯಲ್ಲಿ ಮಾತಾಡಿ ಒಳಗೆ ಬಂದ ಶಿವಾನಿ, ಅಮ್ಮ "ಹೆಂಗವ್ನೆ?" ಎಂದರೆ "ಹೂಂ" ಎಂದು ಉಪ್ಪಿಟ್ಟಿಗೆ ಎರಡನೇ ಸಲ ಉಪ್ಪು ಹಾಕಿದಳು. ಈ ಸಂಬಂಧ ಮಾತ್ರ ತಪ್ಪಬಾರದು ಅಂತ ವೀರಮ್ಮ ನಂಜುಂಡೇಶ್ವರನಿಗೆ ಕೈಮುಗಿದಳು.

ಪಾಪ, ಗಂಡಿನ ಅಪ್ಪ ವೀರಭದ್ರಸ್ವಾಮಿಗೂ ಅದೇ ಹುಚ್ಚು ಅಂತ ಅವಳಿಗೇನು ಗೊತ್ತು? ಕೈಕಾಲು ತೊಳೆಯಲು ಹಿತ್ತಲಿಗೆ ಹೋದ ಮಹಾರಾಯನ ಕಣ್ಣು ತೆರೆದ ಬ್ಯಾರನ್ನಿನೊಳಗೆ ಬಿತ್ತು. ಅಲ್ಲಿಗೆ ಆಣೆಯೂ ಇಲ್ಲ, ಗೀಣೆಯೂ ಇಲ್ಲ. ಇಬ್ಬರೂ ದಿಮ್ಮಿ ಕೊಯ್ಯುವ ಹಳೇ ಗರಗಸವೊಂದರ ಮುಂದೆ ಕುಕ್ಕರಗಾಲಲ್ಲಿ ಕೂತರು. ಬ್ಯಾರನ್ನಿನ ಮಾತು ಅಡುಗೆಮನೆಯ ಕಿಟಕಿಗೆ ಚೆನ್ನಾಗಿ ಕೇಳುತ್ತದೆ. ನಮ್ಮ ಕಡೆ ಮನೆಯ ಹೆಣ್ಣುಮಗಳೂ "ಅದು", ಗರಗಸವೂ "ಅದು". ಎಡವಟ್ಟಾದದ್ದೇ ಅಲ್ಲಿ.

"ವಯಸ್ಸಾಗಿದೆ, ಇಲ್ಲ ಅನ್ನಕ್ಕಿಲ್ಲ," ನಂಜಣ್ಣನ ದನಿ. "ಆದ್ರೂ ಬೆನ್ನು ನೋಡಿ, ಎಷ್ಟು ನೆಟ್ಟಗದೆ!"

ವೀರಮ್ಮನ ಕೈಯಲ್ಲಿ ಸೌಟು ನಿಂತಿತು.

"ಎರಡು ಹಲ್ಲು ಸೊಟ್ಟ ಕಣ್ರೀ," ಎಂದ ವೀರಭದ್ರಸ್ವಾಮಿ. "ಇರ್ಲಿ ಬುಡಿ. ನಮ್ಮನೆಗೆ ತಕ್ಕೊಂಡೋಗಿ ಅರ ಹಾಕಿ ಉಜ್ಜುಸ್ತೀನಿ. ಮೈಗೆ ಎಣ್ಣೆ ತಿಕ್ಕುದ್ರೆ ಬಣ್ಣನೂ ಬತ್ತದೆ."

ಶಿವಾನಿ ಗಪ್ಪನೆ ಬಾಯಿ ಮುಚ್ಚಿಕೊಂಡಳು. ಅವಳ ಮುಂದಿನ ಹಲ್ಲೆರಡು ಚೂರು ಓರೆ ಇದ್ದದ್ದು ನಿಜವೇ.

"ನಮ್ಮನೇದು ಇದಕ್ಕಿಂತ ಒಂದು ಗೇಣು ಉದ್ದ. ಕಿರುಗುಟ್ಟೋದೂ ಕಮ್ಮಿ," ವೀರಭದ್ರಸ್ವಾಮಿ ಮುಂದುವರಿಸಿದ.

ಈ ಮನುಷ್ಯ ತನ್ನ ಹೆಂಡತಿಯ ಪಕ್ಕ ನಿಲ್ಲಿಸಿ ನನ್ನ ಮಗಳನ್ನು ಅಳೆಯುತ್ತಾನಲ್ಲ ಅಂತ ವೀರಮ್ಮನಿಗೆ ಮೈಯೆಲ್ಲ ಉರಿದುಹೋಯಿತು.

"ಅಂಗಂದ್ರೆ ಕೊಡಕ್ಕಿಲ್ಲ!" ನಂಜಣ್ಣ ಕೂಗಿದ. "ನಾನಿರೋಗಂಟ ಇಲ್ಲೇ ಬಿದ್ದಿರ್ಲಿ!"

ವೀರಮ್ಮ ಸೌಟು ಕೆಳಗಿಡುವಷ್ಟರಲ್ಲಿ ಶಿವಾನಿ ಹಿತ್ತಲು ಸೇರಿಯಾಗಿತ್ತು.

"ಅಪ್ಪಾ, ಕೊಡಕ್ಕಿಲ್ಲ ಅನ್ಬ್ಯಾಡ! ನಂಗವ್ರು ಇಷ್ಟ ಆಗವ್ರೆ. ಹಲ್ಲಿಗೆ ಬೇಕಾದ್ರೆ ಕ್ಲಿಪ್ ಹಾಕುಸ್ಕತೀನಿ!"

ಗರಗಸದ ಒಂದೊಂದು ತುದಿ ಹಿಡಿದು ಜಗ್ಗಾಡುತ್ತಿದ್ದ ಹಿರಿಯರಿಬ್ಬರೂ ಹಾಗೇ ನಿಂತರು. ಗಲಾಟೆ ಕೇಳಿ ಜಗಲಿಯಿಂದ ಓಡಿಬಂದಿದ್ದ ಗೌರೀಶ, "ಕ್ಲಿಪ್ ಏನೂ ಬ್ಯಾಡ, ಅಂಗೇ ಚೆಂದ," ಎಂದುಬಿಟ್ಟು ಕಿವಿಯವರೆಗೂ ಕೆಂಪಾದ.

ಮಗಳ ಹಿಂದೆಯೇ ಓಡಿಬಂದ ವೀರಮ್ಮನಿಗೆ ಆಗ ಗರಗಸ ಕಂಡಿತು, ಎಲ್ಲ ಅರ್ಥವಾಯಿತು. ಗಂಡನ ಜನ್ಮ ಜಾಲಾಡಲು ಬಾಯಿ ತೆರೆದವಳು ಸಂತೋಷಕ್ಕೆ ನಕ್ಕುಬಿಟ್ಟಳು.

ನಂಜಣ್ಣನ ಕಣ್ಣಲ್ಲಿ ನೀರಾಡಿತು. ಮಗಳ ಮುಖವನ್ನು ಒಂದು ಗಳಿಗೆ ನೋಡಿ, "ಆಯ್ತು ಯಜಮಾನ್ರೇ, ಅದ್ನ ನಿಮ್ಮನೆಗೇ ಕೊಟ್ಟೆ," ಎಂದು ತೊದಲಿದ. "ಚೆನ್ನಾಗಿ ನೋಡ್ಕಳಿ."

ವೀರಭದ್ರಸ್ವಾಮಿ ಖುಷಿಯಲ್ಲಿ ಗರಗಸವನ್ನು ತನ್ನ ಕಡೆಗೆ ಎಳೆದುಕೊಂಡ. ಅದು ಬರಲಿಲ್ಲ.

"ಮಗಳ್ನ ಹೇಳುದ್ದು ಕಣ್ರೀ," ಎಂದ ನಂಜಣ್ಣ, ತನ್ನ ತುದಿ ಬಿಡದೆ.