ಗುಡುಗಪ್ಪನ ಹೊಲದ ಬೀನ್ಸ್

ದೊಡ್ಡಮ್ಮನ ಬೀಜದಂಗಡಿಗೆ ಗುಡುಗಪ್ಪ ಬಂದದ್ದು ಅಂಗಡಿ ತುಂಬ ಜನರಿದ್ದಾಗಲೇ. ಅವನ ಗಂಟಲಿನ ಜೋರಿಗೆ ನಾವು ಮನೆಯೊಳಗೆ ಇಟ್ಟುಕೊಂಡ ಹೆಸರು ಅದು; ಎದುರಿಗೆ ಹಾಗೆ ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ. ಅವನ ಕೈಯಲ್ಲಿ ಬೇರುಸಮೇತ ಕಿತ್ತು ತಂದ ಒಂದು ಹಿಡಿ ಬೀನ್ಸ್ ಸಸಿಗಳಿದ್ದವು. ಎಲೆಗಳ ಅಂಚು ಹಳದಿಗಟ್ಟಿ, ಉರಿ ತಾಗಿದ ಕಾಗದದಂತೆ ಸುರುಟಿಕೊಂಡಿತ್ತು. ಅವನ್ನು ತಕ್ಕಡಿಯ ಮೇಲೆ ಹಾಕಿದ.

"ಇದೇನಾ ಅಕ್ಕಾ ನೀವು ಕೊಟ್ಟ ಬೀಜ? ಮೊಳಕೆ ಬಂತು, ಆಸೆ ತೋರಿಸ್ತು, ಈಗ ಹೊಲ ಪೂರ್ತಿ ಹೀಗೆ."

ಪೊಟ್ಟಣಕ್ಕೆ ಬೀಜ ತುಂಬುತ್ತಿದ್ದ ನನ್ನ ಕೈ ನಿಂತಿತು. ಅಜ್ಜಿ ಕಾಪಾಡಿಕೊಂಡು ಬಂದ ತಳಿ ಅದು. ದೊಡ್ಡಮ್ಮ ಪ್ರತಿ ವರ್ಷ ತಾನೇ ಬೆಳೆದು, ಒಂದೊಂದೇ ಕಾಳು ಆರಿಸಿ ಡಬ್ಬಕ್ಕೆ ತುಂಬುತ್ತಿದ್ದಳು. ಬಿತ್ತನೆಯ ಹೊತ್ತಿನಲ್ಲಿ ಬೀಜದ ಹೆಸರು ಕೆಟ್ಟರೆ ಅಂಗಡಿಗೆ ಬೀಗ ಹಾಕಿದಂತೆಯೇ. ಆಗಲೇ ಒಬ್ಬ ಹೆಂಗಸು ಕೊಂಡ ಪೊಟ್ಟಣವನ್ನು ಮೆಲ್ಲನೆ ಹಿಂದಕ್ಕೆ ಸರಿಸಿದ್ದಳು.

ದೊಡ್ಡಮ್ಮ ದನಿ ಏರಿಸಲಿಲ್ಲ.

"ಜಗಳ ಯಾಕೆ ತಮ್ಮಾ. ನಿನ್ನ ಹೊಲದ ಮಣ್ಣು ತಗೊಂಡು ಬಾ. ಒಂದೇ ಡಬ್ಬದ ಬೀಜ ನಿನ್ನ ಮಣ್ಣಲ್ಲೂ ಹಾಕೋಣ, ನನ್ನ ಹಿತ್ತಲ ಮಣ್ಣಲ್ಲೂ ಹಾಕೋಣ. ಎರಡೂ ಸತ್ರೆ ತಪ್ಪು ನಂದು."

ಗುಡುಗಪ್ಪ ಒಪ್ಪಿದ. ಆದರೆ ತನ್ನ ಮಣ್ಣಿಗೆ ಕೆಟ್ಟ ಹೆಸರು ಬರಬಾರದೆಂದು, ಅದೇ ಮಣ್ಣು ತುಂಬಿದ ಇನ್ನೊಂದು ಕುಂಡದಲ್ಲಿ ಮೆಕ್ಕೆಜೋಳವನ್ನೂ ಹಾಕಬೇಕೆಂದು ಹಟ ಹಿಡಿದ. ಹೋದ ಬೆಳೆಯಲ್ಲಿ ಜೋಳ ಆಳೆತ್ತರ ಬಂದಿತ್ತಂತೆ. ಮೂರೂ ಕುಂಡಗಳು ಅಂಗಡಿಯ ಜಗಲಿಯ ಮೇಲೆ, ಹೋಗಿಬರುವವರ ಕಣ್ಣೆದುರಿಗೇ ಕೂತವು.

ಎಲ್ಲವೂ ಒಂದೇ ಸಮ ಮೊಳೆತವು. ಜನ ನಿಂತು ನೋಡುತ್ತಿದ್ದರು, ಕೊಳ್ಳದೆ ಹೋಗುತ್ತಿದ್ದರು. ಎದುರು ಸಾಲಿನ ದರ್ಜಿಯವನು, ಗೆದ್ದವರು ಯಾರೆಂದು ಹೊಲಿಗೆ ಯಂತ್ರದ ಹಿಂದಿನಿಂದಲೇ ದಿನಾ ವಿಚಾರಿಸುತ್ತಿದ್ದ. ನಾನು ಮುಖ ತೊಳೆಯುವ ಮೊದಲೇ ಜಗಲಿಗೆ ಓಡುತ್ತಿದ್ದೆ. ವ್ಯತ್ಯಾಸವೇ ಕಾಣದೆ ಅಳು ಬಂದಂತಾದಾಗ ಅಜ್ಜಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಳು.

"ಈಗಲೇ ಏನು ಕಾಣುತ್ತೆ ಪುಟ್ಟೀ. ಬೀಜ ತವರಿಂದ ಬುತ್ತಿ ಕಟ್ಕೊಂಡು ಬಂದಿರುತ್ತೆ. ಅದು ಇರೋವರೆಗೂ ಯಾವ ಮನೆಯಾದ್ರೂ ಒಂದೇ. ಬುತ್ತಿ ಮುಗಿದು ಅತ್ತೆಮನೆ ಊಟಕ್ಕೆ ಕೂತಾಗ ನೋಡು."

ಅಂದಿನಿಂದ ನನಗೆ ಕುಂಡದೊಳಗೆ ಮಣ್ಣು ಕಾಣಲಿಲ್ಲ. ಕತ್ತಲ ಮನೆಯೊಂದರಲ್ಲಿ ಖಾಲಿ ಗಂಟನ್ನು ಮಡಿಸಿಟ್ಟು, ಹೆದರುತ್ತಲೇ ತಟ್ಟೆಗೆ ಕೈಯಿಕ್ಕುವ ಹುಡುಗಿ ಕಾಣುತ್ತಿದ್ದಳು.

ಬುತ್ತಿ ಮುಗಿಯಿತು. ದಪ್ಪನೆಯ ಬೀಜದೆಲೆಗಳು ಬತ್ತಿ ಉದುರಿದವು. ಗುಡುಗಪ್ಪನ ಮಣ್ಣಿನ ಬೀನ್ಸಿಗೆ ಕೆಳಗಿನ ಎಲೆಯ ಅಂಚಿನಿಂದ ಹಳದಿ ಹತ್ತತೊಡಗಿತು. ಹಿತ್ತಲ ಮಣ್ಣಿನದು ಮಾತ್ರ ಮಗುವಿನ ಅಂಗೈಯಷ್ಟಗಲದ ಎಲೆಗಳನ್ನು ಬಿಚ್ಚಿ, ಬಳ್ಳಿ ಚಾಚಲು ಆಸರೆ ಹುಡುಕುತ್ತಿತ್ತು. ಕುಣಿಯುತ್ತ ಒಳಗೆ ಹೋಗಿ ಹೇಳಿದೆ. ದೊಡ್ಡಮ್ಮ ಅವನಿಗೆ ಹೇಳಿಕಳಿಸಿದಳು.

ಗುಡುಗಪ್ಪ ಬಂದವನು ಸೋತ ಕುಂಡದ ಕಡೆ ತಿರುಗಿಯೂ ನೋಡಲಿಲ್ಲ. ನೇರ ಜೋಳದ ಕುಂಡವನ್ನೆತ್ತಿ ಎಲ್ಲರಿಗೂ ತೋರಿಸಿದ. ಕಡುಹಸಿರಾಗಿ, ಗರಿ ಚಾಚಿ ನಿಂತಿತ್ತು ಅದು.

"ಮಣ್ಣು ಕೆಟ್ಟಿದ್ರೆ ಇದು ಹೀಗೆ ಬರ್ತಿತ್ತಾ?"

ಸೇರಿದ್ದವರು ತಲೆದೂಗಿದರು.

"ನಿನ್ನ ಮಣ್ಣು ಒಳ್ಳೇದೇ," ಎಂದಳು ದೊಡ್ಡಮ್ಮ. "ನನ್ನ ಬೀಜಾನೂ ಒಳ್ಳೇದೇ, ಆ ಹಿತ್ತಲ ಮಣ್ಣಿನ ಕುಂಡದಲ್ಲೇ ನೋಡು. ಹಾಗಾದ್ರೆ ಜೋಳಾನ ಬಿಟ್ಟು ಬೀನ್ಸನ್ನ ಮಾತ್ರ ತಿನ್ನೋದು ಯಾವುದು ತಮ್ಮಾ? ಹೋದ ಬೆಳೆಗೆ ಏನು ಹೊಡೆದಿದ್ದೆ?"

ಗುಡುಗಪ್ಪ ಬಾಯಿಬಿಟ್ಟ. ಜೋಳದ ಹೊಲಕ್ಕೆಂದೇ ಕೊಡುವ ಕಳೆ ಔಷಧಿ ಹೊಡೆದಿದ್ದನಂತೆ. ಕಳೆ ಮೊಂಡು ಹಿಡಿದಿದ್ದರಿಂದ ಒಂದು ಪಾಲು ಹೆಚ್ಚೇ ಹಾಕಿದ್ದನಂತೆ. ಆಮೇಲೆ ಮಳೆಯೂ ಅಷ್ಟಕ್ಕಷ್ಟೇ.

"ಕಳೆ ಸತ್ತ ಮೇಲೆ ಔಷಧೀನೂ ಸತ್ತಿತು ಅಂದ್ಕೊಂಡಿದ್ದೆ ಅಕ್ಕಾ," ಎಂದ ಸಣ್ಣಗೆ.

ಸತ್ತಿಲ್ಲ, ಒಣಮಣ್ಣಲ್ಲಿ ಕರಗದೆ ಕೂತಿದೆ ಎಂದು ದೊಡ್ಡಮ್ಮ ಬಿಡಿಸಿ ಹೇಳಿದಳು. ಜೋಳವನ್ನು ಏನೂ ಮಾಡದ ಆ ಔಷಧಿಗೆ ಬೀನ್ಸೂ ಒಂದು ಕಳೆಯೇ. ಈ ಸಲ ಜೋಳವನ್ನೇ ಬಿತ್ತು, ಆ ಔಷಧಿಯನ್ನು ಮಾತ್ರ ಮುಟ್ಟಬೇಡ, ಮುಂದೆ ಬೀನ್ಸ್ ಬಿತ್ತುವ ಮುಂಚೆ ಹೀಗೇ ಕುಂಡದಲ್ಲಿ ಹಾಕಿ ನೋಡು ಎಂದಳು.

ಗುಡುಗಪ್ಪ ಜೋಳದ ಕುಂಡವನ್ನು ಕೆಳಗಿಟ್ಟ. ಆಮೇಲೆ ಜನರ ಕಡೆ ತಿರುಗಿ, ಬೀದಿಯ ಕೊನೆಯವರೆಗೂ ಕೇಳುವಂತೆ ಹೇಳಿದ:

"ಅಕ್ಕನ ಬೀಜದಲ್ಲಿ ಏನೂ ತಪ್ಪಿಲ್ಲ. ತಪ್ಪು ನಂದು."

ದರ್ಜಿಯ ಯಂತ್ರ ನಿಂತಿತು. ಆ ಗಂಟಲನ್ನು ದೇವರು ಇದಕ್ಕೇ ಕೊಟ್ಟಿದ್ದ ಅನ್ನಿಸಿತು ನನಗೆ. ಪೊಟ್ಟಣ ಹಿಂದಿರುಗಿಸಿದ್ದ ಹೆಂಗಸು ಮುಂದೆ ನುಗ್ಗಿ, ಕುಂಡಕ್ಕೆ ಹಾಕಿದ ಬೀಜದ ಡಬ್ಬದಿಂದಲೇ ತೆಗೆದುಕೊಡಿ ಎಂದು ಹಟ ಹಿಡಿದಳು. ಅವಳ ಹಿಂದಿನವರಿಗೂ ಅದೇ ಡಬ್ಬ ಬೇಕಾಯಿತು. ದೊಡ್ಡಮ್ಮ ಅಳೆದಳು, ನಾನು ಕಟ್ಟಿದೆ. ಬೆರಳನ್ನು ದಾರ ಕೊಯ್ದರೂ ಉರಿ ಗೊತ್ತಾಗಲಿಲ್ಲ. ಸಂಜೆಯಾಗುವಷ್ಟರಲ್ಲಿ ಡಬ್ಬದ ತಳ ಬೆಳ್ಳಗೆ ಹೊಳೆಯಿತು. ಆಮೇಲೂ ಜನ ಬರುತ್ತಲೇ ಇದ್ದರು.

ದೊಡ್ಡಮ್ಮ ಸೆರಗಿನಿಂದ ಬೆವರು ಒರೆಸಿಕೊಂಡು, "ಇಲ್ಲ, ಖಾಲಿ," ಎಂದಳು. ಆ ಮಾತನ್ನು ಅಷ್ಟು ಸಿರಿವಂತಿಕೆಯಿಂದ ಯಾರಾದರೂ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.