ವಾರ್ಡಿಗೆ ಬಂದ ಹಣ್ಣು

ಗಂಟಲ ಕ್ಯಾನ್ಸರಿನ ಆಪರೇಷನ್ ಆಗಿ ಮಾತು ನಿಂತಿದ್ದ ನಂಜಪ್ಪನ ಮಂಚದ ಪಕ್ಕದಿಂದ ಅವನ ಹೆಂಡತಿ ದೊಡ್ಡತಾಯಮ್ಮನನ್ನು ಎಬ್ಬಿಸಿ ಹೊರಗೆ ಕಳಿಸಿ, ಹಾಸನದ ಆ ಖಾಸಗಿ ಆಸ್ಪತ್ರೆಯವರು ವಾರ್ಡಿನ ಬಾಗಿಲು ಹಾಕಿಕೊಂಡರು.

ಸೋಂಕು ಹರಡುತ್ತದಂತೆ. ಅದು ಅರಕಲಗೂಡಿನ ಬಸ್ಸು ಹತ್ತಿ, ಹೆಂಗಸರ ಸೆರಗು ಹಿಡಿದೇ ಬರುತ್ತದೆಂದು ಆಸ್ಪತ್ರೆಗೆ ಖಾತ್ರಿಯಾಗಿತ್ತು. ಆದರೂ ಕರುಣೆಗೆ ಕಡಿಮೆಯಿಲ್ಲ. ಹೊರಗೆ ಬಿದ್ದವರಿಗೆ ಧೈರ್ಯ ತುಂಬಲು ಮಾನ್ಯ ಎಂಬ ಆಪ್ತಸಲಹೆಗಾರ್ತಿಯನ್ನು ನೇಮಿಸಿದ್ದರು. ಆಕೆ ಎಲ್ಲರನ್ನೂ ಶಾಮಿಯಾನದಡಿ ಕೂರಿಸಿ ಉಸಿರಾಡುವುದನ್ನು ಕಲಿಸಿದಳು.

"ಕಣ್ಮುಚ್ಚಿ. ಈಗ ನಿಮ್ಮ ಮನಸ್ಸಿಗೆ ಏನು ಬೇಕು, ಹೇಳಿ ಅಮ್ಮ."

"ಮನಸಿಗೇನೂ ಬ್ಯಾಡ ಕಣವ್ವ, ಒಳೀಕ್ ಬುಡ್ಸು. ಗಂಟ್ಲಿಗಿಟ್ಟಿರೋ ಕೊಳವೇಲಿ ಕಫ ಕಟ್ಕಂಡ್ರೆ ಅವ್ರಿಗೆ ಕೂಗಾಕಾಗಕಿಲ್ಲ. ಹುಬ್ಬು ಎತ್ತುತಾರೆ. ಅದು ನಂಗ್ ಮಾತ್ರ ತಿಳಿಯಾದು."

"ಅದೊಂದು ಬಿಟ್ಟು ಬೇರೆ ಹೇಳಿ."

ಅಷ್ಟರಲ್ಲಿ ಪಟಾಕಿ ಸಿಡಿಯಿತು. ಮುಖಂಡ ಚನ್ನಬಸವಯ್ಯನವರ ಹುಟ್ಟುಹಬ್ಬ. ರೋಗಿಗಳಿಗೆ ಹಣ್ಣು-ಬ್ರೆಡ್ ಹಂಚದೆ ಯಾವ ಮುಖಂಡನಿಗೂ ವಯಸ್ಸಾಗುವುದಿಲ್ಲ. ವಾರ್ಡಿನ ಎರಡೂ ಬಾಗಿಲು ತೆರೆದುಕೊಂಡವು. ಹಾರ, ಬೂಟು, ಕ್ಯಾಮೆರಾ, ಜೈಕಾರ ಎಲ್ಲವೂ ಒಳಗೆ ನುಗ್ಗಿದವು. ಸೋಂಕು ಪಕ್ಕಕ್ಕೆ ಸರಿದು ಕೈಮುಗಿದಿರಬೇಕು.

"ಅಮ್ಮೋ, ಈ ಕಿತ್ತಳೆ ಬುಟ್ಟಿ ಹಿಡ್ಕ ಬಾ," ಎಂದ ಬೆವರುತ್ತಿದ್ದ ಒಬ್ಬ ಹಿಂಬಾಲಕ. ದೊಡ್ಡತಾಯಮ್ಮ ಬುಟ್ಟಿ ಹೊತ್ತು ನಡೆದಳು. ಬೆಳಿಗ್ಗೆ ಅವಳನ್ನು ನೂಕಿದ್ದ ಸೆಕ್ಯೂರಿಟಿ ಅಮರನಾಥ, "ದಾರಿ ಬುಡ್ರಿ, ಹಣ್ಣು ಬತ್ತಾ ಅದೆ!" ಎಂದು ಕೂಗಿದ.

ಮೂಗಿನ ನಳಿಕೆಯಲ್ಲಿ ಗಂಜಿ ಕುಡಿಯುವ ನಂಜಪ್ಪನ ಕೈಗೆ ಮುಖಂಡರು ಸೇಬು ಇಟ್ಟರು.

"ಒಂಚೂರು ಕಚ್ಚಿ ಯಜಮಾನ್ರೇ, ಫೋಟೋ ಚೆನ್ನಾಗ್ ಬತ್ತದೆ," ಎಂದ ಕ್ಯಾಮೆರಾದವನು.

ನಂಜಪ್ಪ ಹುಬ್ಬೆತ್ತಿದ.

"ನೋಡಿ ಸಾ, ಎಷ್ಟು ಖುಷಿ ಅವ್ರಿಗೆ!" ಎಂದ ಹಿಂಬಾಲಕ ಮುಖಂಡರಿಗೆ.

ದೊಡ್ಡತಾಯಮ್ಮ ಬುಟ್ಟಿಯನ್ನು ಧೊಪ್ಪನೆ ಇಳಿಸಿ, ಮುಖಂಡರನ್ನು ಮೊಣಕೈಯಲ್ಲೇ ಸರಿಸಿ, ಗಂಡನನ್ನು ಎತ್ತಿ ಕೂರಿಸಿದಳು. "ಕಫ ಕಟ್ಟೈತೆ, ಮಿಷಿನ್ ತಕ್ಕಂಬಾರವ್ವಾ!" ನರ್ಸ್ ಭಾನುಪ್ರಿಯಾ ಓಡಿಬಂದು ಕೊಳವೆಯ ಕಫ ಎಳೆದಳು. ನಂಜಪ್ಪನ ಎದೆ ಮತ್ತೆ ಏರಿಳಿಯಿತು. ಮೆರವಣಿಗೆ ಆಗಲೇ ಪಕ್ಕದ ಮಂಚಕ್ಕೆ ಹೋಗಿ ನಗುತ್ತಿತ್ತು.

ಜೈಕಾರ ಗೇಟು ದಾಟಿದ ಮೇಲೆ ಅಮರನಾಥನಿಗೆ ನಿಯಮ ನೆನಪಾಯಿತು.

"ಪ್ರೋಗ್ರಾಂ ಮುಗೀತು. ಏಳಮ್ಮ, ಆಚೆ ನಡಿ. ಸೋಂಕು ತಗುಲ್ತದೆ."

ಅವಳು ಗಂಡನ ಬೆನ್ನಿಗೆ ಕೊಟ್ಟಿದ್ದ ಕೈ ತೆಗೆಯಲಿಲ್ಲ.

"ಬೂಟ್ಗಾಲಲ್ಲಿ ತುಳ್ಕಂಡೋದ್ರಲ್ಲಾ, ಮೊದ್ಲು ಅದನ್ನ ಗುಡ್ಸೋಗ್ಲಾ. ನಾನ್ ಏಳಾಕಿಲ್ಲ."